ಜೌಗಿನಲ್ಲಿ ಹೊಸೆದ ಹುರಿಹಗ್ಗ

ಅತ್ತೆ ಉಡುಪಿಯಿಂದ ಈ ಪರದೇಶಕ್ಕೆ ಬಂದು ಮೂರು ವಾರವಾಗಿತ್ತು. ವೆಸ್ಟ್‌ಮೀಡ್‌ನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಗುಡಿಸಲು, ಒರೆಸಲು ಅವರಿಗೆ ಇನ್ನೇನೂ ಉಳಿದಿರಲಿಲ್ಲ. ಆ ಶನಿವಾರ ನನಗೆ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ರಜೆ. ತಿಂಗಳಿಗೊಮ್ಮೆ ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ಜೌಗು ಪ್ರದೇಶವೊಂದನ್ನು ದುರಸ್ತಿ ಮಾಡುವ ಸ್ವಯಂಸೇವಕರ ಜೊತೆ ನಾನೂ ಹೋಗುತ್ತೇನೆ.

"ನಾನೂ ಬರ್ತೇನೆ. ಗೋಡೆ ನೋಡಿ ನೋಡಿ ಸಾಕಾಯ್ತು," ಎಂದರು ಅತ್ತೆ.

"ಅಲ್ಲೆಲ್ಲ ಬರೀ ಕೆಸರು ಅತ್ತೆ. ಕೂರೋಕೂ ಜಾಗ ಇರಲ್ಲ."

"ಕೆಸರು ನೋಡದವಳಾ ನಾನು? ಎಂತ ಮಾತಾಡ್ತಿ ನೀನು!"

ಟ್ರೈನಿನಲ್ಲಿ ಹೋದೆವು. ಗಿಡಗಳಿಗೆ ಹತ್ತುವ ಹೊರಗಿನ ರೋಗ ಒಳಗೆ ಬಾರದಿರಲೆಂದು ಎಲ್ಲರ ಬೂಟು ಉಜ್ಜಿ ಔಷಧಿ ಸಿಂಪಡಿಸಿಯೇ ಜೌಗಿಗೆ ಬಿಡುತ್ತಾರೆ. "ದೇವಸ್ಥಾನಕ್ಕಿಂತ ಮಡಿ," ಎಂದು ಅತ್ತೆಗೆ ಖುಷಿಯಾಯಿತು.

ಅಲ್ಲಿನ ಕಪ್ಪು ಮಣ್ಣಿಗೆ ಪೀಟ್ ಅನ್ನುತ್ತಾರೆ. ಅರೆಬರೆ ಕೊಳೆತ ಹುಲ್ಲು, ಬೇರು ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದದ್ದು. ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಮೇಲಿನ ರಸ್ತೆಯಿಂದ ನುಗ್ಗಿದ ಮಳೆನೀರು ಅದರ ನಡುವೆ ಆಳವಾದ ಕೊರಕಲು ಮಾಡಿತ್ತು. ಇದ್ದ ನೀರೆಲ್ಲ ಅದರೊಳಗೆ ಬಸಿದುಹೋಗಿ ಪೀಟ್ ಒಣಗುತ್ತಿತ್ತು. ಕೊರಕಲಿಗೆ ಅಡ್ಡಲಾಗಿ, ಬಲೆಯೊಳಗೆ ನಾರು ತುಂಬಿ ಮಾಡಿದ ಉದ್ದನೆಯ ದಿಂಡುಗಳನ್ನಿಟ್ಟು, ಗೂಟ ಹೊಡೆದು, ಹಗ್ಗದಿಂದ ಬಿಗಿಯುವುದು ಅವತ್ತಿನ ಕೆಲಸ.

ಅತ್ತೆ ದಿಂಡನ್ನು ಮುಟ್ಟಿ, ಮೂಸಿ, ನನ್ನ ತೋಳು ಹಿಡಿದರು. "ಇದು ತೆಂಗಿನ ನಾರಲ್ವಾ ಮಾರಾಯ್ತಿ!"

ಎರಡು ದಿಂಡು ಕಟ್ಟುವಷ್ಟರಲ್ಲಿ ಹಗ್ಗ ಮುಗಿಯಿತು. ನಮ್ಮ ತಂಡದ ಮುಖ್ಯಸ್ಥೆ, ಒಬ್ಬರು ನಿವೃತ್ತ ಟೀಚರ್, ಗಾಡಿಯಲ್ಲೆಲ್ಲ ತಡಕಿ ಬರಿಗೈಯಲ್ಲಿ ಬಂದರು. ಹೊಸ ಕಟ್ಟನ್ನು ಶೆಡ್ಡಿನಲ್ಲೇ ಮರೆತಿದ್ದರಂತೆ. ಇವತ್ತಿಗೆ ಸಾಕು ಎಂದರು.

"ಎಂತ ಅಂತೆ?"

"ಹಗ್ಗ ಮುಗೀತಂತೆ ಅತ್ತೆ. ಮನೆಗೆ ಹೋಗೋಣ."

"ನಾರಿನ ರಾಶಿ ಎದುರಿಗಿಟ್ಟುಕೊಂಡು ಹಗ್ಗ ಇಲ್ಲ ಅಂತಾರಾ?"

ಇಳಿಸುವಾಗ ಒಂದು ದಿಂಡಿನ ಬಲೆ ಹರಿದು ನಾರು ಹೊರಗೆ ಬಂದಿತ್ತು. ಅತ್ತೆ ಒಂದು ಹಿಡಿ ಎಳೆದು, ನೀರಲ್ಲಿ ಅದ್ದಿ, ಬಂಡೆಯ ಮೇಲೆ ಕೂತು ಎರಡು ಅಂಗೈ ನಡುವೆ ಹೊಸೆಯತೊಡಗಿದರು. ಎರಡು ಎಳೆ ಒಂದಕ್ಕೊಂದು ಸುತ್ತಿಕೊಳ್ಳುತ್ತಾ ಹಗ್ಗ ಅವರ ಮಡಿಲಿಂದ ಕೆಳಗಿಳಿಯಿತು. ಟೀಚರ್ ಅದನ್ನು ಜಗ್ಗಿ ನೋಡಿದರು. ಹರಿಯಲಿಲ್ಲ. ಕೂಗಿ ಎಲ್ಲರನ್ನೂ ಕರೆದರು.

ಅರ್ಧ ಗಂಟೆಯಲ್ಲಿ ಏಳು ಜನ ಅತ್ತೆಯ ಸುತ್ತ ಕೂತು ಹೊಸೆಯುತ್ತಿದ್ದೆವು. ಇಂಗ್ಲಿಷ್ ಬಾರದ ಅತ್ತೆ ಒಬ್ಬೊಬ್ಬರ ಕೈ ಹಿಡಿದು ತಿದ್ದಿದರು. ಮೈಸೂರಿನಲ್ಲಿ ಬೆಳೆದ ನನ್ನದು ಎಲ್ಲರಿಗಿಂತ ಕೆಟ್ಟದಾಗಿತ್ತು. "ಇದು ಹಗ್ಗವಾ, ಶಾವಿಗೆಯಾ?" ಎಂದರು. ನಾನು ಅನುವಾದಿಸಿ ಹೇಳಿದಾಗ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಧ್ಯಾಹ್ನ ಮೂರರ ಹೊತ್ತಿಗೆ ಕೊನೆಯ ದಿಂಡನ್ನೂ ಬಿಗಿದೆವು. ಹರಿಯುತ್ತಿದ್ದ ನೀರು ದಿಂಡಿಗೆ ತಾಗಿ, ನಿಂತು, ಮೆಲ್ಲಗೆ ಏರಿ, ಪಕ್ಕದ ಕಪ್ಪು ಮಣ್ಣಿಗೆ ಇಂಗತೊಡಗಿತು. ಯಾರೋ ಚಪ್ಪಾಳೆ ಹೊಡೆದರು. "ಮುಂದಿನ ತಿಂಗಳೂ ಬರ್ತೀರಾ?" ಎಂದು ಟೀಚರ್ ಕೇಳಿದ್ದನ್ನು ನಾನು ಹೇಳುವ ಮೊದಲೇ ಅತ್ತೆ "ಎಸ್, ಕಮಿಂಗ್!" ಎಂದುಬಿಟ್ಟರು.

ಊರಿಗೆ ಮರಳುವ ಮುಂಚೆ ಇನ್ನೂ ನಾಲ್ಕು ಸಲ ಬಂದರು. ಕೊನೆಯ ಸಲ ದಿಂಡುಗಳ ಹಿಂದೆ ಎಳೆಯ ಜೊಂಡು ಎದ್ದಿತ್ತು. ಅದರೊಳಗೆಲ್ಲೋ ಕಪ್ಪೆಯೊಂದು ಕೂಗಿತು. ಅತ್ತೆ ಕೈಯೆತ್ತಿ ನಮ್ಮನ್ನೆಲ್ಲ ಸುಮ್ಮನಾಗಿಸಿ, ಮೊಣಕಾಲುದ್ದ ಕೆಸರಲ್ಲಿ ನಗುತ್ತಾ ಕೇಳುತ್ತಾ ನಿಂತರು.