ಅಮ್ಮಿ ಹೇಳಿದ ಸಾಕ್ಷಿ

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ನಮ್ಮ ಅಬ್ಬಾ ಬೀಗ, ಟ್ರಂಕು ರಿಪೇರಿ ಅಂಗಡಿ ಇಟ್ಟಿದ್ದರು. ಹಿಂದೆಯೇ ನಮ್ಮ ಮನೆ. ರಿಪೇರಿಗೆ ಬರುವವರಿಗಿಂತ ಚೀಲ ಇಟ್ಟು ಹೋಗುವವರೇ ಹೆಚ್ಚು. ಬಿದರೆಹಳ್ಳಿ ಕಾವಲ್ ಕಡೆಯಿಂದ ಸಂತೆಗೆ ಬಂದವರು, ತುಮಕೂರಿಗೆ ಹೋಗಿ ಸಂಜೆ ವಾಪಸು ಬರುವವರು, ಎಲ್ಲರೂ “ಸಾಬ್ರೇ, ಒಸಿ ನೋಡ್ಕಳಿ” ಎಂದು ಗಂಟುಮೂಟೆಗಳನ್ನು ಮೂಲೆಗೆ ತಳ್ಳಿ ಹೊರಟುಬಿಡುವರು. ಒಳಗೇನಿದೆ ಎಂದು ಅಬ್ಬಾ ಕೇಳುತ್ತಿರಲಿಲ್ಲ. ನಂಬಿ ಇಟ್ಟದ್ದು ಅಮಾನತ್ತು, ಅದನ್ನು ಬಿಚ್ಚುವುದು ಹರಾಮ್. ಊರಿನ ಯಾವ ಬೀಗವನ್ನಾದರೂ ತೆಗೆಯುವ ಮನುಷ್ಯನಿಗೆ ಒಂದು ಗೋಣಿಯ ಹುರಿ ಬಿಚ್ಚಲು ಕೈ ಬರುತ್ತಿರಲಿಲ್ಲ. ನಾನು ತುಮಕೂರಿನಲ್ಲಿ ಬಿ.ಎ. ಓದುತ್ತಿದ್ದೆ, ದೊಡ್ಡ ಬುದ್ಧಿವಂತೆ. ಇದೇನು ಧರ್ಮಛತ್ರವೇ ಎಂದು ರೇಗುತ್ತಿದ್ದೆ. ಅಬ್ಬಾ ನಕ್ಕು ಕೈಲಿದ್ದ ಬೀಗದತ್ತ ತಿರುಗುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಕುಣಿಗಲ್ ಬಸ್ಸಿಗೆ ಓಡುತ್ತಿದ್ದವನೊಬ್ಬ ಗೋಣಿಚೀಲ ಇಟ್ಟು, ಸಂಜೆ ಬರುತ್ತೇನೆ ಎಂದು ಹೋದ. ಬರಲಿಲ್ಲ. ಮರುದಿನ ಬೆಳಿಗ್ಗೆ ಪೊಲೀಸರು ಬಂದರು. ಚೀಲದ ತುಂಬ ಗಾಂಜಾ. ಇಟ್ಟವನ ಹೆಸರು ಕೂಡ ಅಬ್ಬಾಗೆ ಗೊತ್ತಿರಲಿಲ್ಲ; ಅವನು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಅಬ್ಬಾ ಜಾಮೀನಿನ ಮೇಲೆ ಮನೆಗೆ ಬಂದರು. ನಮ್ಮ ವಕೀಲರು ವಿಷಯ ಬಿಡಿಸಿ ಹೇಳಿದರು. ಚೀಲ ಅಬ್ಬಾ ವಶದಲ್ಲಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ವಶದಲ್ಲಿದ್ದ ಮಾತ್ರಕ್ಕೆ ಅಪರಾಧವಾಗದು, ಒಳಗಿರುವುದು ಏನೆಂಬ ಅರಿವೂ ಇರಬೇಕು. ಮಾದಕ ವಸ್ತುಗಳಿಗೆಂದು ಹೊಸದಾಗಿ ಬಂದಿದ್ದ ಕಾನೂನಿನಲ್ಲಿ ಆ ಅರಿವು ಇತ್ತೆಂದೇ ಕೋರ್ಟು ಭಾವಿಸುತ್ತದೆ; ಇರಲಿಲ್ಲ ಎಂದು ತೋರಿಸಬೇಕಾದವರು ನಾವು. ಅಬ್ಬಾಗೆ ಅನುಮಾನ ಪಡಲು ಕಾರಣವಿತ್ತು ಎಂದಾದರೆ ಸಾಕು, ಕಥೆ ಮುಗಿಯಿತು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಗೊತ್ತಿರಲಿಲ್ಲ ಎನ್ನುವುದನ್ನು ಯಾವ ಅಂಗಡಿಯಿಂದ ತಂದು ತೋರಿಸುವುದು?

ಇದು ಇಲ್ಲಿಯ ಪದ್ಧತಿ, ಈ ಮನುಷ್ಯ ಯಾರ ಚೀಲವನ್ನೂ ಮುಟ್ಟುವವನಲ್ಲ ಎಂದು ಯಾರಾದರೂ ಹೇಳಬೇಕಿತ್ತು. ವರ್ಷಗಟ್ಟಲೆ ಚೀಲ ಇಟ್ಟವರು ಕೋರ್ಟು ಎಂದ ಕೂಡಲೇ ನಮ್ಮ ಬೀದಿಯನ್ನೇ ಮರೆತರು. ಕೊನೆಗೆ ಅಮ್ಮಿ, ನಾನು ಹೇಳುತ್ತೇನೆ ಎಂದಳು. ಮಾರ್ಕೆಟ್ಟಿಗೂ ಒಬ್ಬಳೇ ಹೋಗದ ನಮ್ಮಮ್ಮಿ ತುಮಕೂರಿನ ಕೋರ್ಟಿನ ಕಟಕಟೆಯಲ್ಲಿ ನಿಂತಳು. ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. ನನಗೆ ಹೆಮ್ಮೆಯಾಯಿತು.

ಸರ್ಕಾರಿ ವಕೀಲರು ಎದ್ದು ಮೆತ್ತಗೆ ಕೇಳಿದರು. ಇಷ್ಟು ವರ್ಷದಲ್ಲಿ ಒಂದು ಚೀಲವನ್ನೂ ಬಿಚ್ಚಿ ನೋಡಲಿಲ್ಲ ಎಂದರೆ ಯಾರು ನಂಬುತ್ತಾರಮ್ಮ?

ಗಂಡನ ನಿಯತ್ತಿನ ಮೇಲೆ ಬಂದ ಮಾತು. ಅಮ್ಮಿಯ ದನಿ ಗಟ್ಟಿಯಾಯಿತು.

“ಬಿಚ್ಚಲ್ಲ ಸ್ವಾಮಿ. ಈ ಚೀಲಾನೇ ನೋಡಿ. ಸಂಜೆ ಏನೋ ಘಾಟು ವಾಸ್ನೆ ಬರ್ತಿತ್ತು. ನಾನೇ ಹೇಳ್ದೆ, ಇದ್ಯಾಕೋ ಸರಿಯಿಲ್ಲ, ಬಿಚ್ಚಿ ನೋಡ್ರಿ ಅಂತ. ಅವ್ರು ನನ್ನೇ ಬೈದ್ರು. ಪರರ ಅಮಾನತ್ತು, ಮುಟ್ಬೇಡ ಅಂದ್ರು. ಅಂಥೋರು ಅವ್ರು.”

ಸರ್ಕಾರಿ ವಕೀಲರು ಇನ್ನೇನೂ ಕೇಳಲಿಲ್ಲ. ಕುಳಿತುಬಿಟ್ಟರು. ನಮ್ಮ ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಅಬ್ಬಾ ಮಾತ್ರ ಅಮ್ಮಿಯನ್ನೇ ನೋಡುತ್ತಿದ್ದರು, ಆ ನೋಟದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಕಟಕಟೆಯಿಂದ ಇಳಿದ ಅಮ್ಮಿಗೆ ಅವರೇ ನೀರು ಕೊಡಿಸಿದರು.

ತೀರ್ಪಿನ ದಿನದವರೆಗೆ ಅಬ್ಬಾ ಎಂದಿನಂತೆ ಅಂಗಡಿ ತೆಗೆದರು. ಒಂದು ದಿನ ಕೀಲಿ ಉಜ್ಜುವ ಅರಗಳಿಗೆ ಎಣ್ಣೆ ಸವರುತ್ತ, ಅಮ್ಮಿ ಒಳಗಿರುವಾಗ ನನ್ನನ್ನು ಹತ್ತಿರ ಕರೆದರು. “ಏನೇ ಆಗ್ಲಿ, ಅವಳ್ ಮಾತಿಂದ ಆಯ್ತು ಅಂತ ಅವಳಿಗೆ ಹೇಳ್ಬೇಡ ಕಣೇ” ಎಂದರು. ಅವರಿಗೆ ಎಲ್ಲವೂ ಅರ್ಥವಾಗಿತ್ತು. ನಾನು ಅಳು ತಡೆಯಲಾರದೆ ಹಿತ್ತಲಿಗೆ ಹೋದೆ.

ತೀರ್ಪು ಇಂಗ್ಲಿಷಿನಲ್ಲಿತ್ತು. ಘಾಟು ವಾಸನೆ, ಹೆಂಡತಿಯ ಎಚ್ಚರಿಕೆ, ಆದರೂ ಬಿಚ್ಚಿ ನೋಡದೆ ಇಟ್ಟುಕೊಂಡದ್ದು. ಅನುಮಾನಕ್ಕೆ ಇಷ್ಟು ಕಾರಣ ಸಾಕು ಎಂದು ಜಡ್ಜರು ಓದಿದರು. ನಾಲ್ಕು ವರ್ಷ ಸಜೆ. ನನ್ನ ಬಿ.ಎ. ಓದು ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಒದಗಿತು. ಅಬ್ಬಾ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟು ಪೊಲೀಸರೊಂದಿಗೆ ಹೋದರು.

ಗುಬ್ಬಿಯ ಬಸ್ಸಿನಲ್ಲಿ ಅಮ್ಮಿ ಕಿಟಕಿ ಪಕ್ಕ ಕೂತಿದ್ದಳು. ಬಸ್ಸು ತುಮಕೂರು ದಾಟಿದ ಮೇಲೆ ನನ್ನ ಕಡೆ ತಿರುಗಿ, ಜಡ್ಜ್ ಸಾಹೇಬರು ತಾನು ಹೇಳಿದ್ದನ್ನು ನಂಬಲಿಲ್ಲವಾ ಎಂದು ಕೇಳಿದಳು.

“ನಂಬಿದ್ರು ಅಮ್ಮಿ,” ಎಂದೆ. “ನೀನು ಹೇಳಿದ್ದನ್ನೆಲ್ಲ ನಂಬಿದ್ರು.”

“ಮತ್ತೆ ಅವ್ರನ್ನ ಯಾಕೆ ಬಿಡ್ಲಿಲ್ಲ?”

ನಾನು ಕಂಡಕ್ಟರನ್ನು ಕರೆದು ಎರಡು ಟಿಕೆಟ್ ಕೇಳಿದೆ.