ಇಟಲಿಗೆ ಹೊರಟವನ ಮನೆಗೆ ಪೊಲೀಸರು

"ನಿಮ್ಮಪ್ಪ ನನಗ ಮಗನ ಇಲ್ಲ ಅಂತಾನಲ್ಲಪಾ!" ಕಂಪ್ಲಿ ಠಾಣೆಯ ಪೇದೆ ಹೀಗೆಂದು ನಕ್ಕಾಗ ತಲೆ ಚಚ್ಚಿಕೊಳ್ಳುವಂತಾಯಿತು. ಇಟಲಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ನೋಡಲು ಸಂಡೂರಿನ ಗಣಿ ಕಚೇರಿಯ ಗೆಳೆಯರೊಂದಿಗೆ ಹೊರಡಲೆಂದು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದೆ. ವಿಚಾರಣೆಗೆ ಮನೆಗೆ ಬಂದ ಪೇದೆಯನ್ನು ಕಂಡು ಅಪ್ಪ ಗಾಬರಿಯಾಗಿ ಹಾಗೆ ಹೇಳಿ ಕಳಿಸಿದ್ದ. ಅಂಥವನು ಯಾರೂ ಇಲ್ಲವೆಂಬ ವರದಿ ಆಗಲೇ ಮೇಲಕ್ಕೆ ಹೋಗಿತ್ತು.

ಗದ್ದೆಗೆ ಕಾಲುವೆ ನೀರು ತಿರುಗಿಸುತ್ತಿದ್ದ ಅಪ್ಪನ ಮುಂದೆ ಹೋಗಿ ಕೂಗಾಡಿದೆ. "ಪೊಲೀಸ್ರು ನಿನ್ನ ಹೆಸರು ಹಿಡದು ಕೇಳಿದ್ರ ಇನ್ನೇನ್ ಹೇಳ್ಲಿ? ಎಳಕೊಂಡು ಹೋಗಿದ್ರ ನೌಕರಿ ಉಳಿತಿತ್ತೇನಲೇ?" ಎಂದು ನನಗೇ ಗದರಿದ.

ಗೆಳೆಯರು ನನ್ನನ್ನು ಬಿಟ್ಟೇ ಹೋದರು. ಸಿಕ್ಕವರಿಗೆಲ್ಲ "ನನ್ನ ಮಗ ಬಿ.ಎ. ಪಾಸು" ಎಂದು ಹೇಳಿಕೊಂಡು ತಿರುಗುವ ಅಪ್ಪ, ಮಗನೇ ಇಲ್ಲವೆಂದದ್ದು ಅದೊಂದೇ ಸಲ. ಸಿಟ್ಟು ಇನ್ನೂ ಇದೆ, ಬೈಯಲು ಮಾತ್ರ ಬಾಯಿ ಬರುತ್ತಿಲ್ಲ.