ಸೊನ್ನೆ ಯಾರದು?

ಸೋತವರಿಗೆ ಸಮಾಧಾನ ಹೇಳುವುದರಲ್ಲಿ ನಾನು ಎತ್ತಿದ ಕೈ ಎಂದುಕೊಂಡಿದ್ದೆ. ನಿನ್ನೆ ಸಂಜೆಯ ತನಕ.

ಅಕ್ಕನ ಮಗಳು ಶ್ರುತಿ ಹೊರದೇಶಕ್ಕೆ ಹೋಗಿದ್ದಾಳೆ. ಮಹಿಳಾ ತಂಡಗಳ ಚೆಸ್ ಟೂರ್ನಿ. ತಂಡಕ್ಕೆ ನಾಲ್ಕು ಬೋರ್ಡು, ನಾಲ್ಕನೆಯದು ನಮ್ಮವಳದು. ಕಳವಾ ಎಂಬ ಊರಿನ ಒಂದೇ ಖೋಲಿಯ ಮನೆಯಲ್ಲಿ ಬೆಳೆದವಳು ಭಾರತದ ಬ್ಲೇಜರ್ ಹಾಕಿ ಕೂತಿದ್ದಾಳೆಂದರೆ ಸುಮ್ಮನೆಯೇ?

ಆದರೆ ಮುಂದಿನ ತಿಂಗಳು ಅವಳ ಬಿ.ಕಾಂ. ಕೊನೆಯ ವರ್ಷದ ಪರೀಕ್ಷೆ. ಈ ಸಲ ಸೋತು ಬಂದರೆ ಚೆಸ್ ಬಂದ್ ಎಂದು ಭಾವ ಹೇಳಿಬಿಟ್ಟಿದ್ದರು. (ಸಲಹೆ ನನ್ನದೇ. ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ನೈಟ್ ಕಾಲೇಜಿಗೆ ಹೋಗಿ, ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಬೇರೆ ಏನು ಹೇಳಲಿ?)

ಅಕ್ಕ, ಭಾವ ಡೊಂಬಿವಲಿಯ ನಮ್ಮ ಮನೆಗೇ ಬಂದರು. ಕಂಪ್ಯೂಟರ್ ಇರುವುದು ನನ್ನಲ್ಲಿ. ಕುದುರೆ ಹೇಗೆ ನಡೆಯುತ್ತದೆಂದು ಮೂವರಿಗೂ ಗೊತ್ತಿಲ್ಲ. ನೆಟ್ಟೂ ಕುಂಟುತ್ತಿತ್ತು. ಕೊನೆಗೆ ಶ್ರುತಿಯ ಬೋರ್ಡಿನ ಎದುರು ಅಂಕ ಮೂಡಿತು: 0–1.

"ಎಂತಾಯ್ತು ಮಾರಾಯ?" ಅಕ್ಕ ಕೇಳಿದಳು.

"ಸೋತಳು. ಪಟ್ಟಿಯಲ್ಲಿ ನಮ್ಮ ದೇಶದ ಹೆಸರು ಮೊದಲು, ಸೊನ್ನೆಯೂ ಮೊದಲು. ಸ್ಪಷ್ಟ." (ಪದವೀಧರನಲ್ಲವೇ!)

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಶ್ರುತಿಯದೇ ಫೋನ್. ಅವಳು ಬಾಯಿ ತೆರೆಯುವ ಮೊದಲೇ ಶುರುಮಾಡಿದೆ: "ಬೇಸರ ಮಾಡ್ಬೇಡ ಮಗಾ. ಇದೆಲ್ಲ ನಮ್ಮಂಥವರ ಆಟ ಅಲ್ಲ. ಬಾ, ಪರೀಕ್ಷೆ ಬರಿ. ಡಿಗ್ರಿಯನ್ನು ಯಾರೂ ಕಿತ್ಕೊಳ್ಳುವುದಿಲ್ಲ. ಆ ಬೋರ್ಡನ್ನು ಇನ್ನು ಕಟ್ಟಿಟ್ಟುಬಿಡುವ."

ನನ್ನ ಮಾತು ಮುಗಿಯುವ ತನಕ ಕೇಳಿದಳು. ಆಮೇಲೆ, "ಮಾಮಾ, ಮೈ ಜೀತ್ ಗಯೀ."

ಗೆದ್ದಿದ್ದಾಳೆ! ಅಂಕ ಬರೆಯುವಾಗ ಬಿಳಿ ಕಾಯಿಯವರದು ಮೊದಲಂತೆ. ಇವಳು ಆಡಿದ್ದು ಕಪ್ಪು ಕಾಯಿಯಲ್ಲಿ. ಸೊನ್ನೆ ಎದುರಿನವಳದು!

ಅಕ್ಕ ಅಳುತ್ತಲೇ ನಕ್ಕಳು. "ನಿನ್ನ ಡಿಗ್ರಿಗೆ ಇಷ್ಟೂ ಗೊತ್ತಾಗ್ಲಿಲ್ವಾ?" ಎಂದು ಭಾವ ಬೆನ್ನಿಗೆ ಗುದ್ದಿದರು. ನಾನೂ ಉತ್ಸಾಹದಲ್ಲಿ, "ಪರೀಕ್ಷೆಯಂತೆ ಪರೀಕ್ಷೆ! ಅಕ್ಟೋಬರಿನಲ್ಲಿ ಬರೆದರಾಯ್ತು, ನೀನು ಆಡು" ಎಂದುಬಿಟ್ಟೆ.

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಮೊದಲು ಹೇಳಿದ್ದರಲ್ಲಿ ಸುಳ್ಳೇನಿತ್ತು? ನನ್ನ ಕೈಯಿಂದ ಆ ಒರೆಸುವ ಬಟ್ಟೆ ಬಿಡಿಸಿದ್ದು ಡಿಗ್ರಿಯೇ. ಹಾಗಾದರೆ ಅಕ್ಟೋಬರ್ ಎಂದವನು ಯಾರು? ಎರಡು ನಿಮಿಷದೊಳಗೆ ಎರಡು ಮಾತು. ನನ್ನದು ಯಾವುದು?

ನಿನ್ನೆ ಶ್ರುತಿ ಮಾತ್ರ ನಗಲಿಲ್ಲ. ಫೋನ್ ಇಡುವ ಮೊದಲು ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು:

"ಮಾಮಾ, ನಾಳೆ ಇನ್ನೊಂದು ಮ್ಯಾಚ್ ಉಂಟು. ಸೋತ್ರೆ ಯಾರಿಗೆ ಫೋನ್ ಮಾಡ್ಲಿ?"